ಮದುವೆ ವಾಚಿನ ಪಾಲಾಕ್ಷಪ್ಪ

ಮಗಳು ಪ್ರತಿಭಾಳ ಮದುವೆಯಲ್ಲಿ ಅಳಿಯನಿಗೆ ಕೊಡುವ ವಾಚು ಕೊಳ್ಳಲು ಹೊಳೆನರಸೀಪುರಕ್ಕೆ ಹೋದ ದಿನವೇ ಚಂದ್ರಮೌಳಿಗೆ ಪಾಲಾಕ್ಷಪ್ಪನ ಪರಿಚಯವಾದದ್ದು. ಕೈಯಲ್ಲಿ ಹಣ ಕಡಿಮೆ, ಆದರೂ ಬೀಗರೆದುರು ಮಾನ ಉಳಿಯಬೇಕು ಎನ್ನುವ ಹೆಣ್ಣಿನ ತಂದೆಯರಿಗೆಲ್ಲ ವಾಚು ಆರಿಸಿಕೊಡಲು ಹಳ್ಳಿಮೈಸೂರಿನ ಈ ತೆಂಗಿನಕಾಯಿ ವ್ಯಾಪಾರಿಯೇ ಗತಿ. ಆತ ಬಂದನೆಂದರೆ ಅಂಗಡಿಯವನು ಗಾಜಿನ ಪೆಟ್ಟಿಗೆಯನ್ನೇ ಬರಿದು ಮಾಡಿ ಮುಂದಿಡಬೇಕು. ಒಂದೊಂದನ್ನೂ ಕಟ್ಟಿಕೊಂಡು, ಪಂಕ್ತಿಯಲ್ಲಿ ಸಾರು ಕೇಳುವವನಂತೆ ಕೈಯೆತ್ತಿ, "ಪಕ್ಕದೆಲೇಲಿ ಕುಂತೋನ್ಗೆ ಕಾಣ್ತದಾ ನೋಡ್ರಪ್ಪ" ಎಂದು ಬಂದವರನ್ನೆಲ್ಲ ಕೇಳುತ್ತಾನೆ. ಅಂದು ಚಂದ್ರಮೌಳಿ ಚಿನ್ನದ ಬಣ್ಣದ ಅಗ್ಗದ ವಾಚಿಗೆ ಕೈಹಾಕಿದಾಗ ಮಾತ್ರ ಆತನ ದನಿ ತಗ್ಗಿತು. "ಬ್ಯಾಡ ಕಣಣ್ಣ, ಬೆವರಿಗೆ ಬಣ್ಣ ಬುಡ್ತದೆ. ಆಮೇಲೆ ಆ ಮನೇಲಿ ಮಾತು ಕೇಳೋಳು ನಿಮ್ ಮಗ್ಳು" ಎಂದು, ಬಿಳಿ ಡಯಲಿನ ಸ್ಟೀಲ್ ವಾಚೊಂದನ್ನು ಕೊಡಿಸಿದ. ಈಗ ಪಾಲಾಕ್ಷಪ್ಪನ ಮಗನಿಗೇ ಮದುವೆ ಗೊತ್ತಾಗಿದೆ. ವಾಚು ಆರಿಸಲು ಬನ್ನಿರೆಂದು ಕರೆದ ಹೆಣ್ಣಿನ ತಂದೆಗೆ, "ಅವನತ್ರ ಒಂದೈತೆ ಬುಡಿ ಬೀಗ್ರೇ, ಒಂದು ಕೈಗೆ ಎಷ್ಟು ಕಟ್ಟಾನು?" ಎಂದುಬಿಟ್ಟ. ಇತ್ತೀಚೆಗೆ ವಾಚಿನಂಗಡಿಯಲ್ಲಿ ತಾನೇ ಕೂತು, ಪುಟ್ಟ ಪುಟ್ಟ ವಾಚುಗಳನ್ನು ಅಂಗೈಯಲ್ಲಿ ಹರಡಿಕೊಂಡು, ಬರಲಿರುವ ಸೊಸೆಗೆ ಯಾವುದು ಒಪ್ಪೀತೆಂದು ತೋಚದೆ ತಿಣುಕುತ್ತಿದ್ದಾನೆ.