ಗಂಡನ ಹೆಸರು, ಇಂಗ್ಲಿಷಿನಲ್ಲಿ

ಹ್ಯಾಂಡ್‌ಪೋಸ್ಟ್ ಎಂಬ ಊರಿನ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದ ಸಂಜೆಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಯೂರಿಯಾ ವಾಸನೆಯ ನಡುವೆ ಅಚ್ಚ ಇಂಗ್ಲಿಷ್ ಕಲಿಸುತ್ತೇನೆಂಬ ಜಂಭ ನನಗಿತ್ತು. ಕಲಿಯಲು ಬಂದವರೋ ಒಬ್ಬೊಬ್ಬರು ಒಂದೊಂದು ದಿಕ್ಕು. ಶುಂಠಿ ಬೆಳೆಯಲು ಕೇರಳದಿಂದ ಬಂದ ಮನೆಯ ಸೊಸೆ ಇಂಗ್ಲಿಷನ್ನೂ ಮಲಯಾಳದ ರಾಗದಲ್ಲೇ ಮಾತಾಡುತ್ತಿದ್ದಳು. ಉರ್ದು ಮನೆಮಾತಿನ ಹುಡುಗಿಗೆ ಸ್ಕೂಲಿನ ಮುಂದೆ ಒಂದು ‘ಇ’ ಬೇಕೇ ಬೇಕು. ಇಲ್ಲಿಯದೇ ರಾಗಿ ಹೊಲದ ಮನೆಯ ಗೃಹಿಣಿಗೆ ಹೋಟೆಲ್ಲೆಲ್ಲ ‘ಓಟೆಲ್’. ತಿದ್ದಿ ತಿದ್ದಿ ನನ್ನ ಗಂಟಲು ಒಣಗುತ್ತಿತ್ತು. ಅವರು ಬಿದ್ದು ಬಿದ್ದು ನಗುತ್ತಿದ್ದರು. ಆ ನಗು ಈಗ ಬೇಕು ಅನ್ನಿಸುತ್ತದೆ.

ಕಬಿನಿ ಹಿನ್ನೀರಿನ ಕಡೆಯ ರೆಸಾರ್ಟೊಂದರಲ್ಲಿ ಕೆಲಸ ಹಿಡಿಯಬೇಕೆಂದು ಆ ಗೃಹಿಣಿ ನಮ್ಮಲ್ಲಿ ಸೇರಿದ್ದಳು. ಗಂಡ ಮಾತ್ರ ಇನ್ನೂ ಹೂಂ ಅಂದಿರಲಿಲ್ಲ. ಸಂದರ್ಶನದ ಹಿಂದಿನ ಸಂಜೆ ನಾನೇ ಮ್ಯಾನೇಜರಾಗಿ ಕೂತು ಪ್ರಶ್ನೆ ಕೇಳಿದೆ. ಊರು, ಓದು, ಮಕ್ಕಳು, ಎಲ್ಲಕ್ಕೂ ಪಟಪಟನೆ ಉತ್ತರ ಬಂತು. ಗಂಡನ ಹೆಸರು ಕೇಳಿದ್ದೇ ತಡ, ಬಾಯಿಗೆ ಬೀಗ. ಪಕ್ಕದವಳನ್ನು ತಿವಿದು, “ನೀನೇಳಮ್ಮಿ” ಅಂದಳು. ಅವಳ ಊರಲ್ಲಿ ಹೆಂಡತಿ ಗಂಡನ ಹೆಸರು ಹೇಳುವಂತಿಲ್ಲ, ಜೊತೆಯಲ್ಲಿದ್ದವರು ಹೇಳಬೇಕು.

“ನಾಳೆ ಪಕ್ಕದಲ್ಲಿ ಯಾರೂ ಇರಲ್ಲ ಕಣಮ್ಮ!” ಎಂದು ರೇಗಿದೆ.

“ಏಳಿದ್ರೆ ಅವರ ಆಯಸ್ಸು ಕಮ್ಮಿ ಆಯ್ತದೆ ಅಂತಾರೆ. ಇಂಗ್ಲಿಷಲ್ಲಿ ಏಳಿದ್ರೆ ಏನೂ ಆಗಾಕಿಲ್ವಾ ಮೇಡಂ?”

“ಇಂಗ್ಲಿಷಲ್ಲಿ ಹೇಳಿದರೆ ಹೆಚ್ಚಾಗುತ್ತೆ” ಎಂದುಬಿಟ್ಟೆ. ಕಲಿಸುವವರಿಗೆ ಇಷ್ಟು ಸುಳ್ಳಿಗೆ ಮಾಫಿ ಇದೆ.

ಅವಳು ಕಣ್ಣು ಮುಚ್ಚಿ, ಸೆರಗು ಬಿಗಿ ಹಿಡಿದು, “ಮೈ ಅಸ್ಬೆಂಡ್ ನೇಮ್ ಈಸ್…” ಎಂದು ಹೆಸರನ್ನೂ ಹೇಳಿಯೇಬಿಟ್ಟಳು. ಅದನ್ನು ನಾನಿಲ್ಲಿ ಬರೆಯುವುದಿಲ್ಲ. ಅವಳ ಬಾಯಲ್ಲೇ ಕೇಳಬೇಕು.

ಉಳಿದವರು ಬಾಗಿಲ ಕಡೆ ನೋಡಿ ಕಿಸಕ್ಕೆಂದರು. ಅವಳ ಗಂಡ ಮೆಟ್ಟಿಲು ಹತ್ತಿ ಬಂದು ಅಲ್ಲೇ ನಿಂತಿದ್ದ. ಕ್ಲಾಸೂ ಬೇಡ, ಕೆಲಸವೂ ಬೇಡ ಎಂದು ಹೇಳಿ ಕರೆದೊಯ್ಯಲೆಂದೇ ಬಂದಿದ್ದನಂತೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಎಲ್ಲಿ ಕೂಗಾಡುತ್ತಾನೋ ಎಂದು ನಾನು ಕುರ್ಚಿಯಿಂದ ಎದ್ದೆ. ಅವನು ನೆಲ ನೋಡುತ್ತ, “ಇನ್ನೊಂದ್ ಸಲ ಏಳಮ್ಮಿ” ಅಂದ.

“ನಾಳೆ ಇಂಟರ್ವ್ಯೂಗೆ ಕರ್ಕೊಂಡೋಗಿ. ಅಲ್ಲಿ ಏಳ್ತೀನಿ, ಕೇಳುಸ್ಕಳಿ.”

ಅವನು ತಲೆ ಕೆರೆದುಕೊಂಡ.

“ಆಯ್ತು ಬುಡು. ಎಷ್ಟೊತ್ಗೆ ಓಗ್ಬೇಕು?”