ಗಾಳೆಪ್ಪನ ಕೈಗುಣ

ಕಾಗೆಗಳು ಬೆಳಗಾಗುವ ಮೊದಲೇ ಶುರುಮಾಡಿದ್ದವು. ಕಮಲಾಪುರದ ಕೆರೆಯ ಕೆಳಗೆ, ಗಾಳೆಪ್ಪನ ಮನೆಯ ಹಿಂದಿನ ಆಲದ ಮರದಲ್ಲಿ ಎದ್ದ ಅವುಗಳ ಗದ್ದಲ ಹೊತ್ತೇರಿದರೂ ನಿಂತಿರಲಿಲ್ಲ. ಮರದ ಕೊಂಬೆಗಳಿಂದ ಹುಲ್ಲಿನ ಗಂಟುಗಳು ಜೋತುಬಿದ್ದಿದ್ದವು. ಹಸು ಈದಾಗ ಕರುವಿನ ಹಿಂದೆ ಬೀಳುವ ಕಸವನ್ನು ಹುಲ್ಲಿನಲ್ಲಿ ಸುತ್ತಿ ಆಲಕ್ಕೆ ಕಟ್ಟುವುದು ಊರಿನ ಪದ್ಧತಿ. ಆಲದಲ್ಲಿ ಹಾಲು ಒಸರಿದಂತೆ ಕೆಚ್ಚಲಿನಲ್ಲೂ ಒಸರಲಿ ಎಂಬ ಆಸೆ.

"ಕೇಳಿದೇನ? ನನ್ನ ಹೊಗಳಾಕ ಹತ್ಯಾವು" ಎಂದ ಗಾಳೆಪ್ಪ, ಕಂಬಳಿಯೊಳಗಿಂದ.

"ಹೊಗಳ್ಲಿ ಬಿಡ್ರಿ. ಊರಾಗ ನಿಮ್ಮ ಹೊಗಳಾಕ ಉಳಿದೋರು ಅವಷ್ಟ" ಎಂದಳು ಹೆಂಡತಿ ಎಲ್ಲಮ್ಮ, ಒಲೆ ಊದುತ್ತಾ.

ಆ ಗಂಟುಗಳಲ್ಲಿ ಮುಕ್ಕಾಲು ಪಾಲು ಗಾಳೆಪ್ಪ ಕಟ್ಟಿದವು. ಕಸ ಬೀಳದೆ ಹಸು ಒದ್ದಾಡಿದರೆ ಊರಿನವರು ಅವನ ಬಾಗಿಲಿಗೆ ಬರುತ್ತಿದ್ದರು. ಅವನು ಬಲಗೈಗೆ ಭುಜದವರೆಗೆ ಹರಳೆಣ್ಣೆ ಸವರಿಕೊಂಡು, ಕಣ್ಣು ಮುಚ್ಚಿ, ಒಳಗೆ ಕೈಯಾಡಿಸಿ, ಹೂ ಬಿಡಿಸಿದಂತೆ ಬಿಡಿಸಿ ತರುತ್ತಿದ್ದ. ಕಾಸು ಮುಟ್ಟುತ್ತಿರಲಿಲ್ಲ. ಒಂದು ಚೆಂಬು ನೊರೆಹಾಲು, ಕಾಯಿಸದ್ದು, ಅಲ್ಲೇ ನಿಂತು ಕುಡಿದರೆ ಮುಗಿಯಿತು. "ಗೌಡಗ ಪೇಟ, ಶಾನುಭೋಗಗ ದಫ್ತರ, ನನಗ ಎಣ್ಣಿ ಕೈ" ಎಂದು ಹೇಳಿಕೊಂಡು ತಿರುಗಿದ್ದ. ಈಗ ಅದನ್ನು ನೆನೆದರೆ ಕಂಬಳಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಳ್ಳಬೇಕೆನಿಸುತ್ತಿತ್ತು.

ಹೋದ ದೀಪಾವಳಿಯಿಂದ ಅವನಿಗೆ ಜ್ವರ. ಬೆಳಿಗ್ಗೆ ಇಲ್ಲ, ಸಂಜೆ ಕೆರೆಯ ಏರಿಯ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಹಾಸಿಗೆ ಹಿಂಡಿದರೆ ನೀರು. ಹತ್ತು ದಿನ ಕಾಡಿ, ಎಂಟು ದಿನ ಸುಮ್ಮನಿದ್ದು, ಹಬ್ಬಕ್ಕೆ ಬಂದ ಅಳಿಯನಂತೆ ಮತ್ತೆ ಬರುತ್ತಿತ್ತು. ಚಳಿಜ್ವರವೆಂದು ಅಂಚೆ ಕಚೇರಿಯ ಕ್ವಿನೈನ್ ಪೊಟ್ಟಣಗಳನ್ನು ನುಂಗಿದ. ಕಿವಿ ಗುಂಯ್ಗುಟ್ಟಿತೇ ಹೊರತು ಜ್ವರ ಕದಲಲಿಲ್ಲ. ಸೊಂಟ, ಮೊಣಕಾಲು ಹಿಡಿದುಕೊಂಡವು. ಆಲ ಏರುತ್ತಿದ್ದವನಿಗೆ ಹೊಸ್ತಿಲು ದಾಟುವುದೂ ಒಂದು ಕೆಲಸವಾಯಿತು.

ಅದೇ ಚಳಿಗಾಲದಲ್ಲಿ ಊರಿನ ಎಂಟು ಹಸುಗಳು ದಿನ ತುಂಬುವ ಮೊದಲೇ ಕಂದು ಹಾಕಿದವು. ಹೊಸಪೇಟೆಯಿಂದ ದನದ ಡಾಕ್ಟರು ಸೈಕಲ್ ಮೇಲೆ ಬಂದರು. ವಿರೂಪಾಕ್ಷಪ್ಪ ಅಂತ, ಸಂಡೂರಿನ ಕಡೆಯ ಹುಡುಗ, ಮದರಾಸಿನಲ್ಲಿ ಓದಿದವರು. ಹಸುಗಳ ರಕ್ತವನ್ನು ಸೀಸೆಗಳಿಗೆ ತುಂಬಿಕೊಂಡರು. ಗೋಡೆಗೆ ಒರಗಿ ಕೂತ ಗಾಳೆಪ್ಪನನ್ನು ನೋಡಿ, "ನಿಂದೂ ಒಂದೀಟು ಕೊಡು" ಎಂದರು.

"ನಾನೇನು ಈಯೋದೈತ್ರಿ?" ಎಂದು ನಕ್ಕು ತೋಳು ಚಾಚಿದ್ದ.

ಮೂರು ವಾರಕ್ಕೆ ಮದರಾಸಿನಿಂದ ಕಾಗದ ಬಂತು. ಡಾಕ್ಟರು ಅವನ ಕಟ್ಟೆಯ ಮೇಲೆ ಕೂತು ಪಟ್ಟಿ ಓದಿದರು. ಎಂಟು ಹಸುಗಳ ಹೆಸರು, ಎಂಟಕ್ಕೂ ರೋಗ. ಒಂಬತ್ತನೆಯದು ಗಾಳೆಪ್ಪ.

"ಬ್ರುಸೆಲ್ಲಾ ಅಂತಾರ. ದನ ಕಂದು ಹಾಕೋದೂ ಅದಽ, ನಿನ್ನ ಜ್ವರಾನೂ ಅದಽ. ಕಸದಾಗ, ಹಸಿ ಹಾಲಿನಾಗ ಇರ್ತತಿ. ಮನಷ್ಯಾಗ ಸದ್ಯ ಔಷಧ ಇಲ್ಲ. ಹಾಲು ಕಾಯಿಸಿ ಕುಡಿ, ಮೈಗೆ ವಿಶ್ರಾಂತಿ ಕೊಡು."

"ಅಲ್ರೀ, ಎಂಟಕ್ಕೂ ಹೆಂಗ ಹತ್ತಿತು?"

ಡಾಕ್ಟರು ಮೊದಲು ಆಲದ ಮರ ನೋಡಿದರು. ಗಂಟುಗಳನ್ನು ಕಾಗೆಗಳು ಹರಿಯುತ್ತಿದ್ದವು, ತುಣುಕುಗಳು ನೆರಳಿನ ಹುಲ್ಲಿನ ಮೇಲೆ ಉದುರುತ್ತಿದ್ದವು, ಊರ ದನ ಅಲ್ಲೇ ಮೇಯುತ್ತಿದ್ದವು. ಆಮೇಲೆ ಅವನ ಬಲಗೈ ನೋಡಿದರು.

ಗಾಳೆಪ್ಪನಿಗೆ ನೀಲಗಂಗಮ್ಮನ ಗೌರಿ ನೆನಪಾಯಿತು. ಪೇಟೆಬೀದಿಯ ಆ ವಿಧವೆಗೆ ಗಂಡ ಬಿಟ್ಟುಹೋದದ್ದು ಎರಡೇ ಹಸು, ಗೌರಿ ಮತ್ತು ತುಂಗಿ. ಜ್ವರ ಬಿಟ್ಟಿದ್ದ ಒಂದು ದಿನ, ಪಕ್ಕದ ಮನೆಯ ಅಂದಾನಪ್ಪನ ಹಟ್ಟಿಯಲ್ಲಿ ಕಂದು ಹಾಕಿದ ಹಸುವಿನ ಕಸ ತೆಗೆದವನು ಕೈಯನ್ನು ಧೋತರಕ್ಕೆ ಒರೆಸಿಕೊಂಡು ನೇರ ನೀಲಗಂಗಮ್ಮನ ಮನೆಗೆ ಹೋಗಿದ್ದ. ಬಸುರಿ ಗೌರಿಗೆ ಅಂಗೈ ಮೇಲೆ ಬೆಲ್ಲ ಇಟ್ಟು ನೆಕ್ಕಿಸಿದ್ದ. ತಿಂಗಳ ಮೇಲೆ ಗೌರಿ ಕಂದು ಹಾಕಿತು. ಆಕೆ ಅತ್ತಾಗ, "ಯಾರದೋ ಕಣ್ಣು ಬಿದ್ದೈತಿ ಅವ್ವಾರ" ಎಂದು ತಾನೇ ದೃಷ್ಟಿ ತೆಗೆದು, ಚೆಂಬು ಹಾಲು ಕುಡಿದು ಬಂದಿದ್ದ. ಮೀಸೆಯ ನೊರೆ ಒರೆಸಿಕೊಂಡದ್ದೂ ಅದೇ ಕೈಯಿಂದ.

"ನಾ ಹೇಳಿದ್ರ ಸರಕಾರದ ಮಾತು ಅಂತಾರ" ಎಂದರು ಡಾಕ್ಟರು. "ನೀ ಹೇಳಿದ್ರ ಕೇಳ್ತಾರ."

ಹೇಳಿದರೆ ಐವತ್ತು ವರ್ಷಕ್ಕೆ ಗಳಿಸಿದ್ದು ಆ ಒಂದು ಹೆಸರು, ಅದು ಹೋಗುತ್ತದೆ. ಹೇಳದಿದ್ದರೆ ಇನ್ನೊಂದು ಹಟ್ಟಿ. ನಾಲ್ಕು ದಿನ ಜ್ವರದ ನೆವದಲ್ಲಿ ಮಲಗಿದ. ಅದರಲ್ಲಿ ಎರಡು ದಿನ ಜ್ವರವೇ ಇರಲಿಲ್ಲ.

ಐದನೆಯ ದಿನ, ಕಾಗೆಗಳು ಕೂಗುತ್ತಿದ್ದ ಈ ಬೆಳಿಗ್ಗೆಯೇ, ನೀಲಗಂಗಮ್ಮ ತಾನೇ ಬಂದು ಕರೆದಳು. "ತುಂಗಿ ಈದೈತಿ, ಕಸ ಬಿದ್ದಿಲ್ಲ. ಬಾರಪ್ಪ ಗಾಳೆಪ್ಪ, ನಿನ್ನ ಕೈಗುಣ ದೊಡ್ಡದು."

ಎಲ್ಲಮ್ಮ ಹರಳೆಣ್ಣೆಯ ಬಟ್ಟಲು ತಂದಳು. ಅವನು ಅದನ್ನು ಕಟ್ಟೆಯ ಮೇಲೇ ಬಿಟ್ಟು, ಗೋಡೆ ಹಿಡಿದುಕೊಂಡು ಎದ್ದು, ಸಲಿಕೆ ಹೆಗಲಿಗೇರಿಸಿ ಹೊರಟ.

ಹಟ್ಟಿಯಲ್ಲಿ ಕರು ನಡುಗುತ್ತಾ ನಿಂತಿತ್ತು, ಜೀವವಿದ್ದ ಕರು. ಸುತ್ತ ನಾಲ್ಕೈದು ಜನ. ಗಾಳೆಪ್ಪ ಒಳಗೆ ಕಾಲಿಡಲಿಲ್ಲ.

"ಅವ್ವಾರ, ನಾ ಕೈ ಹಾಕಂಗಿಲ್ಲ. ಕಾಯೋಣ, ತಾನಽ ಬೀಳ್ತತಿ, ಬಿದ್ದದ್ದನ್ನ ಸುಣ್ಣ ಹಾಕಿ ಹುಗೀಬೇಕು ಅಂದಾರ ಡಾಕ್ಟ್ರು."

"ಯಾಕಪ್ಪ, ಸಿಟ್ಟೇನು ನಮ್ಮ ಮ್ಯಾಲೆ?"

"ಸಿಟ್ಟು ನಿಮಗ ಬರಬೇಕ್ರಿ. ಮದರಾಸಿನ ಪಟ್ಟಿಯಾಗ ಎಂಟು ದನ, ಒಂಬತ್ತನೇದು ನಾನು. ಉಳಿದ ಎಂಟು ಪಾಪದವು, ಎದ್ದು ಮನಿ ಮನಿ ತಿರುಗಿಲ್ಲ. ತಿರುಗಿದ್ದು ನಾನೊಬ್ಬನ." ಯಾರೋ ಕಿಸಕ್ಕೆಂದರು. ಅವನೂ ನಗಲು ನೋಡಿದ, ಆಗಲಿಲ್ಲ. "ನಿಮ್ಮ ಗೌರಿಗೆ ಯಾರ ಕಣ್ಣೂ ಬಿದ್ದಿರಲಿಲ್ಲ ಅವ್ವಾರ. ನಾ ಬೆಲ್ಲ ತಿನಿಸಿದ್ದೆ."

ನೀಲಗಂಗಮ್ಮ ಅವನ ಮುಖವನ್ನೊಮ್ಮೆ ನೋಡಿ, ಸೆರಗು ಬಿಗಿದುಕೊಂಡು ಒಳಗೆ ಹೋದಳು.

ಅವನು ಹೊರಗಿನ ಕಲ್ಲಿನ ಮೇಲೆ ಕೂತ. ತುಂಗಿ ತಿಣುಕಿದಾಗಲೆಲ್ಲ ಬಲಗೈ ತಾನಾಗಿ ಮೇಲೇಳುತ್ತಿತ್ತು. ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ತಿಣುಕು ನಿಂತ ಮೇಲೂ ತೆಗೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಸ ತಾನೇ ಬಿತ್ತು, ಇಷ್ಟು ವರ್ಷ ಅವನಿಲ್ಲದೆಯೂ ಬೀಳಬಹುದಿತ್ತು ಎಂಬಂತೆ. ನೀಲಗಂಗಮ್ಮ ಹೊರಗೆ ಬಂದು ಒಂದು ಪುಟ್ಟಿ ಸುಣ್ಣವನ್ನು ಅವನ ಪಕ್ಕಕ್ಕಿಟ್ಟು ಹೋದಳು. ಹಾಲಿನ ಚೆಂಬು ಬರಲಿಲ್ಲ. ಒಳಗೆ ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಮಾತ್ರ ಬಂತು.

ಅವನು ಕಸವನ್ನು ಸಲಿಕೆಯಲ್ಲಿ ಎತ್ತಿ, ಪುಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, ಕುಂಟುತ್ತಾ ನಡೆದ. ಕಾಗೆಗಳು ತಲೆಯ ಮೇಲೆ ಸುತ್ತಿದವು. ತಮ್ಮ ಮನೆಯ ಅಂಗಳದಿಂದ ಎಲ್ಲಮ್ಮ ಕೂಗಿದಳು. "ಅತ್ತಾಗೆಲ್ಲಿ? ಮರ ಈ ಕಡಿ ಐತ್ರಿ!"

"ಗೊತ್ತೈತಿ ಬಿಡ. ಬೇಲಿ ಆಚೆ, ದನ ಹಾಯದಲ್ಲಿ, ಸೊಂಟದುದ್ದ ಗುಂಡಿ ತೋಡಬೇಕು, ಸೊಂಟ ಹಿಡದೋನಽ ತೋಡಬೇಕು, ಸುಣ್ಣ ಸುರುವಬೇಕು, ಮ್ಯಾಲೆ ಮುಳ್ಳು. ಆಮ್ಯಾಲೆ ಆ ಮರದ ಗಂಟೆಲ್ಲ ಇಳಸಬೇಕು, ನಾನಂತೂ ಏರಂಗಿಲ್ಲ, ನೀ ಅಂದಾನಪ್ಪಗ ಹೇಳು, ಉದ್ದನ ಗಳ ತಗೊಂಡು" ಎನ್ನುತ್ತಾ ಅವನು ಬೇಲಿಯ ತಿರುವು ದಾಟಿ ಮರೆಯಾದ.