ಅವಳು ಮಾಡಿಕೊಟ್ಟ ತೆಳುಪದರಗಳು

ನಾನು ಬಸುರಿ ಎಂಬ ಸುದ್ದಿಯನ್ನು ಮನೆಯವರನ್ನು ಬಿಟ್ಟರೆ ಮೊದಲು ಹೇಳಿದ್ದು ನನ್ನ ಗೈಡ್ ಮೇಡಂ ಅವರಿಗೆ. ಆಗ ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಪಿಎಚ್.ಡಿ. ಮಾಡುತ್ತಿದ್ದೆ. ಮೇಡಂ ಕುರ್ಚಿಯಿಂದ ಎದ್ದು ಬಂದು ನನ್ನ ಕೆನ್ನೆ ಸವರಿದರು. ಆಮೇಲೆ ಅವರ ಮುಖ ಗಂಭೀರವಾಯಿತು.

“ಭಾಳ ಛಲೋ ಆತವಾ. ಆದ್ರ ಇವತ್ತಿನಿಂದ ನೀ ಒಳಗಿನ ಖೋಲಿಗೆ ಕಾಲಿಡಬ್ಯಾಡ.”

ಒಳಗಿನ ಖೋಲಿ ಎಂದರೆ ನಾವು ಫಿಲ್ಮ್, ಅಂದರೆ ತೆಳುಪದರ, ತಯಾರಿಸುವ ಕೋಣೆ. ಪ್ಲಾಸ್ಟಿಕ್ ಜಾತಿಯದೇ ಒಂದು ಇಂಗಾಲದ ವಸ್ತುವನ್ನು ದ್ರಾವಕದಲ್ಲಿ ಕರಗಿಸಿ, ಅದರ ಒಂದು ಹನಿಯನ್ನು ಗಾಜಿನ ತುಂಡಿನ ಮೇಲೆ ಬಿಟ್ಟು, ಗಾಜನ್ನು ಗರಗರನೆ ತಿರುಗಿಸುತ್ತೇವೆ. ಹನಿ ಹರಡಿ ಒಣಗಿದಾಗ, ತಲೆಗೂದಲಿಗಿಂತ ಎಷ್ಟೋ ಪಾಲು ತೆಳುವಾದ ಪದರವೊಂದು ಉಳಿಯುತ್ತದೆ. ಅದರ ಮೇಲೆ ನಿರ್ವಾತ ಯಂತ್ರದಲ್ಲಿ ಲೋಹದ ಪದರ ಕೂರಿಸಿ ಕರೆಂಟ್ ಕೊಟ್ಟರೆ ಅದು ಬೆಳಗಬೇಕು. ಈಗ ಎಷ್ಟೋ ಮೊಬೈಲ್ ಪರದೆಗಳು ಬೆಳಗುವುದು ಇಂಥ ಪದರಗಳಿಂದಲೇ. ಆದರೆ ಆ ದ್ರಾವಕಗಳ ಆವಿ ಬಸುರಿಗೆ ಒಳ್ಳೆಯದಲ್ಲ. ಮೇಡಂ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಫಿಲ್ಮ್ ಮಾಡುವುದೇ ನನ್ನ ಸಂಶೋಧನೆ. ಅದನ್ನು ಬಿಟ್ಟರೆ ನನ್ನ ಬಳಿ ಏನಿತ್ತು? ರಾಯಾಪುರದ ಮನೆಗೆ ಬಂದು ಗಂಡನ ಮುಂದೆ ಅತ್ತುಬಿಟ್ಟೆ. “ಒಂದ್ ವರ್ಷ ಬಿಟ್ಟು ಮತ್ತ ಹೋಗು. ಯಾರ್ ಬ್ಯಾಡ ಅಂತಾರ?” ಎಂದು ಅವರು ಪ್ರೀತಿಯಿಂದಲೇ ಹೇಳಿದರು. ಹಾಗೆ ಒಂದು ವರ್ಷಕ್ಕೆಂದು ಲ್ಯಾಬ್ ಬಿಟ್ಟು ಹೋದವರು ತಿರುಗಿ ಬಾರದ್ದನ್ನು ನಾನು ನೋಡಿದ್ದೆ.

ಮರುದಿನ ನನ್ನ ಮೇಜಿನ ಬಳಿ ಬಂದು ನಿಂತವಳು ನಮ್ಮದೇ ಲ್ಯಾಬಿನ ಇನ್ನೊಬ್ಬ ಸಂಶೋಧಕಿ. ನನಗಿಂತ ಚಿಕ್ಕವಳು, ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮಾತು ಬಹಳ ಕಡಿಮೆ. ಅಲ್ಲಿಯವರೆಗೆ ನಮ್ಮಿಬ್ಬರ ನಡುವೆ ಚಹಾ ಕುಡಿಯುವಾಗಿನ ನಗುವಿಗಿಂತ ಹೆಚ್ಚಿನ ಸ್ನೇಹವಿರಲಿಲ್ಲ.

“ಅಕ್ಕಾ, ನೀವು ಹೊರಗ ಕುಂತು ಹೇಳ್ರಿ. ನಿಮ್ಮ ಫಿಲ್ಮ್ ನಾ ಮಾಡಿಕೊಡ್ತೇನಿ.”

“ನಿನ್ನ ಕೆಲಸ?”

“ಅದೂ ನಡೀತೈತಿ ಬಿಡ್ರಿ.”

ಒಳಗಿನ ಖೋಲಿಯ ಬಾಗಿಲಿಗೆ ದೊಡ್ಡ ಗಾಜಿತ್ತು. ಅವಳು ಮಾಸ್ಕು, ಕೈಗವಸು ಹಾಕಿಕೊಂಡು ಒಳಗೆ. ನಾನು ಸ್ಟೂಲ್ ಎಳೆದುಕೊಂಡು ಹೊರಗೆ. ಬಾಗಿಲು ಮುಚ್ಚಿದ್ದರಿಂದ ಫೋನಿನಲ್ಲೇ ಮಾತು. ಮೊದಲ ಫಿಲ್ಮುಗಳು ಕೆಟ್ಟವು. ಎಲ್ಲೋ ಒಂದು ಧೂಳಿನ ಕಣ ಕೂತು ಅದರ ಹಿಂದೆ ಬಾಲದಂಥ ಗೆರೆ ಮೂಡುತ್ತಿತ್ತು. “ನೀವು ಹನಿ ಹ್ಯಾಂಗ ಬಿಡ್ತಿದ್ರಿ ಅಕ್ಕಾ?” ಎಂದು ಕೇಳಿದಳು. ನನ್ನ ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ. ಖಾಲಿ ಡ್ರಾಪರ್ ಹಿಡಿದು ಗಾಳಿಯಲ್ಲಿ ಮಾಡಿ ನೋಡಿಕೊಂಡು, ಗಾಜಿಗೆ ತುದಿ ತಾಗಿಸದೆ ನಟ್ಟನಡುವೆ ಬಿಡಬೇಕು, ಬಿಟ್ಟ ಕೂಡಲೇ ಮುಚ್ಚಳ ಹಾಕಬೇಕು ಎಂದೆ. ಅವಳು ತಲೆಯಾಡಿಸಿ ಮತ್ತೊಂದು ಗಾಜು ತೊಳೆಯಲು ಹೋದಳು.

ಮಳೆಗಾಲ ಜೋರಾದ ಹೊತ್ತಿಗೆ ಅವಳ ಕೈ ಕುದುರಿತ್ತು. ಒಂದು ಮಧ್ಯಾಹ್ನ ಹೊರಗಿನ ಖೋಲಿಯಲ್ಲಿ ಕಿಟಕಿಯ ಪರದೆ ಎಳೆದು, ಲೋಹವೂ ಕೂತು ಪೂರ್ತಿಯಾದ ಗಾಜಿನ ಸ್ಲೈಡಿಗೆ ಕರೆಂಟ್ ಕೊಟ್ಟೆವು. ಜೋಳದ ಕಾಳಿನಷ್ಟು ಜಾಗದಲ್ಲಿ ಹಸಿರು ಬೆಳಕು ಹತ್ತಿತು. “ಹತ್ತೇತಿ ಅಕ್ಕಾ, ಹತ್ತೇತಿ!” ಎಂದು ಅವಳು ನನ್ನ ತೋಳು ಹಿಡಿದು ಕುಣಿದಳು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಗುತ್ತಾ ನಿಂತೆ. ಅಷ್ಟರಲ್ಲಿ ಬೆಳಕಿನ ನಡುವೆ ಕಪ್ಪು ಚುಕ್ಕೆಗಳು ಎದ್ದವು. ನೋಡನೋಡುತ್ತ ಅವು ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ಬೆಳಕನ್ನೆಲ್ಲ ನುಂಗಿಬಿಟ್ಟವು.

ಆಮೇಲೆ ಮಾಡಿದವೂ ಹೀಗೆಯೇ ಆರಿದವು. ಮಾಡುವ ಕೆಲಸ ನನ್ನದಾಗಿರಲಿಲ್ಲವಾದ್ದರಿಂದ ನಾನು ಸೂಕ್ಷ್ಮದರ್ಶಕದ ಮುಂದೆ ಕುಳಿತು ಆ ಚುಕ್ಕೆಗಳನ್ನೇ ನೋಡತೊಡಗಿದೆ. ಅವು ಮನಬಂದ ಕಡೆ ಏಳುತ್ತಿರಲಿಲ್ಲ. ಫಿಲ್ಮಿನ ಮೇಲಿನ ಲೋಹದಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತು ಎಲ್ಲಿದೆಯೋ ಅಲ್ಲಿಂದಲೇ ಶುರು. ಗಾಳಿಯ ತೇವ ಆ ತೂತಿನಿಂದ ಒಳಗಿಳಿದು ಸುತ್ತಲೂ ಹಬ್ಬುತ್ತಿತ್ತು. ಜಿಟಿಜಿಟಿ ಮಳೆಯ ದಿನ ಬೇಗ, ಬಿಸಿಲು ಬಿದ್ದ ದಿನ ನಿಧಾನ. ಅವಳು ಮಾಡಿಕೊಟ್ಟ ಒಂದೊಂದು ಫಿಲ್ಮನ್ನೂ ಅದು ಆರುವ ತನಕ ಚಿತ್ರ ತೆಗೆದೆ.

ಚಿತ್ರಗಳನ್ನು ಸಾಲಾಗಿ ಜೋಡಿಸಿ ತೋರಿಸಿದಾಗ ಮೇಡಂ ಒಂದೊಂದನ್ನೇ ಬಾಗಿ ನೋಡಿದರು. ಕೊನೆಗೆ ಕನ್ನಡಕ ತೆಗೆದು, “ಬೆಳಕು ಆರಿತು ಅಂತ ಅಳಾಕತ್ತಿದ್ದಿ. ಅದು ಯಾಕ ಆರತೈತಿ ಅನ್ನೂದ ನಿನ್ನ ಥೀಸಿಸ್ ನೋಡವಾ” ಎಂದರು.

ಅದೇ ಮಾತಿನ ನಡುವೆ, ಆ ಹುಡುಗಿ ನಿರ್ವಾತ ಯಂತ್ರದಲ್ಲಿ ತನ್ನ ಪಾಳಿಗಳನ್ನು ನನಗೆ ಬಿಟ್ಟುಕೊಡುತ್ತಿದ್ದಾಳೆ ಎಂಬುದೂ ತಿಳಿಯಿತು. ಇಡೀ ವಿಭಾಗಕ್ಕೆ ಒಂದೇ ಯಂತ್ರ. ಪಾಳಿ ತಪ್ಪಿದರೆ ಮತ್ತೆ ವಾರಗಟ್ಟಲೆ ಕಾಯಬೇಕು. ಹೊರಗೆ ಬಂದು ಅವಳನ್ನು ಹಿಡಿದು ನಿಲ್ಲಿಸಿದೆ.

“ಯಾಕ ಹಿಂಗ ಮಾಡಿದಿ? ನನಗ ಹೇಳಬಾರದಿತ್ತಾ?”

“ಹೇಳಿದ್ರ ನೀವು ಬ್ಯಾಡ ಅಂತಿದ್ರಿ.” ಅವಳು ಕೈಗವಸು ಕಳಚುತ್ತಾ ಸ್ವಲ್ಪ ತಡೆದಳು. “ನಾ ಹೊಟ್ಯಾಗ ಇದ್ದಾಗ ನಮ್ಮವ್ವ ಎಂ.ಎಸ್ಸಿ. ಬಿಟ್ಟಳು ಅಕ್ಕಾ. ಮತ್ತ ಹೋಗಲೇ ಇಲ್ಲ. ನನಗ ಎಂದೂ ಒಂದ್ ಮಾತು ಅಂದಿಲ್ಲ. ಆದ್ರ ನಾ ಓದಾಕ ಕುಂತಾಗ ಬಂದು ನನ್ನ ಪುಸ್ತಕ ತಿರುವಿ ನೋಡತಾಳ.”

ಅವಳ ಕೈಯನ್ನು ನನ್ನೆರಡು ಕೈಗಳಲ್ಲಿ ಹಿಡಿದುಕೊಂಡೆ. ಕೈಗವಸಿನ ಬೆವರಿಗೆ ಬೆರಳುಗಳು ಸುಕ್ಕಾಗಿದ್ದವು.

ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಅವಳು ಸ್ವಲ್ಪ ದೊಡ್ಡವಳಾಗಿ ಅತ್ತೆಯ ಹತ್ತಿರ ಇರುವಂತಾದ ಮೇಲೆ ನಾನು ಮತ್ತೆ ಲ್ಯಾಬಿಗೆ ಹೋದೆ. ಈ ಸಲ ನನ್ನ ಪಾಳಿಗಳನ್ನು ಗೆಳತಿಗೆ ಕೊಟ್ಟೆ. ನಮ್ಮ ಮೊದಲ ಲೇಖನದಲ್ಲಿ ಇಬ್ಬರ ಹೆಸರೂ ಇತ್ತು. ಅವಳ ಕೆಲಸ ಹಿಂದೆ ಬಿದ್ದದ್ದು ಪೂರ್ತಿ ತುಂಬಿ ಬರಲಿಲ್ಲ; ನನಗಿಂತ ತಡವಾಗಿಯೇ ಅವಳ ಥೀಸಿಸ್ ಮುಗಿಯಿತು. ಅದನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ.

ನನ್ನ ಥೀಸಿಸ್ಸಿನ ಕೃತಜ್ಞತೆಯ ಪುಟ ಬರೆದಾಗ ಮೊದಲು ಅವಳಿಗೇ ಕೊಟ್ಟೆ. ನಿಂತುಕೊಂಡೇ ಓದಿದಳು. ಕಣ್ಣು ತುಂಬಿದ್ದವು, ಆದರೆ ದನಿ ಎಂದಿನದೇ.

“ಇಷ್ಟೆಲ್ಲಾ ಯಾಕ ಬರದೀರಿ ಅಕ್ಕಾ. ಕರೆಂಟ್ ಹೋಗೂದ್ರಾಗ ಈ ಸ್ಲೈಡ್ ಒಂದಿಷ್ಟು ನೋಡಿಕೊಡ್ರಿ.”

ನಾನು ಸ್ಟೂಲ್ ಎಳೆದುಕೊಂಡು ಸೂಕ್ಷ್ಮದರ್ಶಕದ ಮುಂದೆ ಕುಳಿತೆ.